ಕನ್ಯೆ ನೋಡಲು ಬಂದವರು ಪ್ಲೇಟು ನೋಡಿ ಹೋದರು

ನನ್ನ ಅಪ್ಪ ಮುದ್ದೇಬಿಹಾಳದಲ್ಲಿ ದರ್ಜಿ. ಹೊಲಿಗೆ ಅವನ ಕಸುಬು, ಗ್ರಾಮಫೋನ್ ಪ್ಲೇಟು ಅವನ ಹುಚ್ಚು. ದಾರ, ಗುಂಡಿ ತರಲೆಂದು ತಾಳಿಕೋಟೆ ಸಂತೆಗೆ ಹೋದವನು ಹಳೆಯ ಸಾಮಾನು ಮಾರುವವರ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಪ್ಲೇಟನ್ನು ಬಿಸಿಲಿಗೆ ಹಿಡಿದು ನೋಡಿ, ಗೀರು ಕಡಿಮೆ ಇದ್ದವನ್ನು ಆರಿಸಿ ತರುತ್ತಿದ್ದ. ಗುಂಡಿ ಮರೆತು ಬರುತ್ತಿದ್ದ. ಪ್ರತಿ ಪ್ಲೇಟಿಗೂ ಅಂಗಡಿಯಲ್ಲಿ ಉಳಿದ ಬಟ್ಟೆಯಿಂದ ಒಂದೊಂದು ಚೀಲ ಹೊಲಿದಿದ್ದ. ಹೀಗಾಗಿ ನಮ್ಮ ಮನೆಗೆ ಬಂದ ಹೆಂಗಸರು ಮೊದಲು ಪ್ಲೇಟು ಇಟ್ಟ ಕಪಾಟಿನ ಮೇಲೆ ಕಣ್ಣು ಹಾಯಿಸುತ್ತಿದ್ದರು.

“ತಮ್ಮಾ, ಇದು ನನ್ನ ಜಂಪರಿನ ಬಟ್ಟಿ ಅಲ್ಲೇನೋ? ಸಾಲಲಿಲ್ಲಂತ ತೋಳು ಗಿಡ್ಡ ಮಾಡಿದ್ದೆಲ್ಲ!”

“ಈಗ ಗಿಡ್ಡ ತೋಳಿಂದ ಫ್ಯಾಶನ್ ಐತ್ರಿ ಅಕ್ಕಾರ,” ಅನ್ನುತ್ತಿದ್ದ ಅಪ್ಪ, ತಲೆ ಎತ್ತದೆ.

ಎಪ್ಪತ್ತರ ದಶಕ ಅರ್ಧ ಸರಿದಿತ್ತು. ನನ್ನ ಓದು ಮುಗಿದಿತ್ತು. ಬಸವನ ಬಾಗೇವಾಡಿಯಲ್ಲಿದ್ದ ಸೋದರತ್ತೆ ನನಗೊಂದು ಸಂಬಂಧ ತಂದಳು. ಹುಡುಗ ಇಂಡಿ ಊರಿನವನು, ದನದ ದವಾಖಾನೆಯಲ್ಲಿ ಕಂಪೌಂಡರ್. ಮನೆಯಲ್ಲಿ ಅವನು ಮತ್ತು ಅವನ ತಾಯಿ, ಇಬ್ಬರೇ.

“ಹುಡುಗಗ ಒಂದು ಚಟ ಇಲ್ಲ ನೋಡು. ಎಲಿ ಅಡಕಿ ಸೈತ ಹಾಕಂಗಿಲ್ಲ,” ಎಂದಳು ಅತ್ತೆ. ಪಾಪ, ಅವಳಿಗೆ ತಿಳಿದದ್ದು ಅಷ್ಟೇ.

ಹುಡುಗ ತನ್ನ ಸೋದರಮಾವನ ಜೊತೆ ಕನ್ಯೆ ನೋಡಲು ಬಂದ. ನಾನು ಸೀರೆಯ ಸೆರಗು ಸರಿಮಾಡಿಕೊಂಡು ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಬಂದರೆ ನನಗೆ ಕಂಡದ್ದು ಅವನ ಬೆನ್ನು. ಅಪ್ಪನ ಕಪಾಟಿನ ಮುಂದೆ ನಿಂತಿದ್ದ. ಕೈಯಲ್ಲಿ ಒಂದು ನಾಟಕದ ಪ್ಲೇಟು. ಆಗಷ್ಟೇ ಹುಟ್ಟಿದ ಕರುವನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಅದನ್ನು ಹಿಡಿದಿದ್ದ.

“ಇದು ನಿಮ್ಮ ಕಡೆ ಹೆಂಗ ಬಂತ್ರಿ?” ಎಂದು ಅಪ್ಪನನ್ನು ಕೇಳಿದ.

ಆ ನಾಟಕ ನಾಲ್ಕು ಪ್ಲೇಟಿನದಂತೆ. ಅವನ ಹತ್ತಿರ ಒಂದು, ಎರಡು, ನಾಲ್ಕು ಇದ್ದವು. ಮೂರನೆಯದನ್ನು ಸೊಲ್ಲಾಪುರದ ತನಕ ಹುಡುಕಿ ಬಂದಿದ್ದ. ಅದೀಗ ಯಾರದೋ ಜಂಪರಿನ ಹೂವಿನ ಬಟ್ಟೆಯಿಂದ ಹೊರಬಂದು ಅವನ ಕೈಯಲ್ಲಿ ಕೂತಿತ್ತು. ಹಚ್ಚಿ ಕೇಳೋಣವೆಂದರೆ ಅಪ್ಪನ ಗ್ರಾಮಫೋನಿನ ಸ್ಪ್ರಿಂಗು ಮುರಿದು, ಯಂತ್ರ ರಿಪೇರಿಗೆಂದು ಬಿಜಾಪುರಕ್ಕೆ ಹೋಗಿತ್ತು.

ನಾನು ತಟ್ಟೆ ಚಾಚಿದೆ. ಅವನು ಪ್ಲೇಟಿನಿಂದ ಕಣ್ಣು ಕೀಳದೆ, “ಅಲ್ಲೇ ಇಡು ತಂಗಿ,” ಎಂದ.

ಅವರನ್ನು ಕರೆದುಕೊಂಡು ಬಂದಿದ್ದ ಅತ್ತೆ ಹಣೆ ಹಣೆ ಬಡಿದುಕೊಂಡಳು.

ಮುಂದಿನದನ್ನು ಹೇಳಿದವಳೂ ಅವಳೇ. ಹಿಂತಿರುಗುವಾಗ ಬಸ್ಸಿನಲ್ಲಿ ಅವನ ಸೋದರಮಾವ “ಹೆಂಗನಸ್ತು?” ಎಂದು ಕೇಳಿದರಂತೆ. ಅವನು ಕಣ್ಣು ಮುಚ್ಚಿ, “ಮಾಮಾ, ಒಂದು ಗೀರು ಸೈತ ಇಲ್ರಿ,” ಎಂದನಂತೆ.

ನನಗೆ ಮೈಯೆಲ್ಲ ಉರಿಯಿತು. “ನನ್ನ ಮಾರಿ ನೋಡದವನ್ನ ನಾ ಒಲ್ಲೆ,” ಎಂದೆ.

ಅಪ್ಪ ಮಾತ್ರ ಹುಡುಗನನ್ನು ಆಗಲೇ ಒಪ್ಪಿಬಿಟ್ಟಿದ್ದ. “ಅಂವ ಪ್ಲೇಟು ಎತ್ತೂದು ನೋಡಿಲ್ಲ ನೀ. ಅಂಚು ಹಿಡದು ಎತ್ತತಾನ. ಅಂಥಾವ ಹೆಂಡ್ತಿ ಮ್ಯಾಲೆ ಕೈ ಎತ್ತಂಗಿಲ್ಲ.”

“ಹಂಗಾರ ನಾನೂ ಅವರ ಮನಿಗೆ ಹೋಗಿ ಅವನ್ನ ನೋಡ್ತೇನಿ.”

“ಹುಡುಗಿ ಹೋಗಿ ಹುಡುಗನ್ನ ನೋಡೂದು ಎಲ್ಲೆರ ಐತೇನ?” ಎಂದು ಅವ್ವ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆದರೆ ಅಪ್ಪ ಆಗಲೇ ಅಂಗಿ ತೊಡುತ್ತಿದ್ದ. ಹುಡುಗನ ಮನೆಯ ಯಂತ್ರ ನೋಡುವ ಆಸೆ ಅವನಿಗೆ ನನಗಿಂತ ಹೆಚ್ಚು.

ಪ್ಲೇಟನ್ನು ಟವೆಲಿನಲ್ಲಿ ಸುತ್ತಿಕೊಂಡು ತಾಳಿಕೋಟೆ, ಸಿಂದಗಿ ಹಾದು ಹೊರಟೆವು. ಸಿಂದಗಿಯಲ್ಲಿ ಬಸ್ಸು ಬದಲಿಸುವಾಗ ಎಲ್ಲರೂ ಟವೆಲು ಎಸೆದು ಸೀಟು ಹಿಡಿಯುತ್ತಿದ್ದರು. ನಮ್ಮ ಟವೆಲು ಎಸೆಯುವಂಥದ್ದಾಗಿರಲಿಲ್ಲ. ಕೊನೆಗೆ ಒಂದೇ ಸೀಟು ಸಿಕ್ಕಿತು. ಅದರಲ್ಲಿ ಅಪ್ಪ ಕೂತ, ಅಪ್ಪನ ತೊಡೆಯ ಮೇಲೆ ಪ್ಲೇಟು ಕೂತಿತು, ಇಂಡಿಯ ತನಕ ನಾನು ನಿಂತೆ.

ಹುಡುಗನ ಮನೆಯ ಪಡಸಾಲೆಯಲ್ಲಿ ದನದ ಗೋದಲಿಯಷ್ಟು ದೊಡ್ಡ ರೇಡಿಯೋಗ್ರಾಮು ಇತ್ತು, ಮೇಲೆ ಪ್ಲೇಟು ತಿರುಗಿಸುವ ಯಂತ್ರ, ಕೆಳಗೆ ರೇಡಿಯೋ. ಗುಂಡಿ ತಿರುಗಿಸಿದರೆ ಒಳಗಿನ ಗಾಜಿನ ವಾಲ್ವುಗಳು ಮೆಲ್ಲಗೆ ಕೆಂಪಗಾಗುತ್ತಿದ್ದವು. ಜೋಳ ಇಡುವ ಕೋಣೆಯಲ್ಲಿ ಪ್ಲೇಟುಗಳಿದ್ದವು. ಜೋಳದ ಚೀಲಗಳು ತಾಯಿಯ ಮಂಚದ ಕೆಳಗಿದ್ದವು.

ತಾಯಿ ಹಿಟ್ಟಿನ ಕೈಯಲ್ಲೇ ಹೊರಬಂದಳು. ನನ್ನನ್ನು ಅವಳೂ ನೋಡಲಿಲ್ಲ. “ತಂದ್ರೇನ್ರಿ? ಮೊದಲ ಅದನ್ನ ಹಚ್ಚೋ, ಚಾ ಆಮ್ಯಾಲೆ ಕುಡದ್ರಾತು,” ಎಂದಳು.

ಅವಳ ಸಂಕಟ ಆಮೇಲೆ ತಿಳಿಯಿತು. ಎರಡನೆಯ ಪ್ಲೇಟಿನ ಕೊನೆಗೆ ರಾಣಿ, ಈ ಜನ್ಮದಲ್ಲಿ ರಾಜನ ಮುಖ ನೋಡುವುದಿಲ್ಲವೆಂದು ಆಣೆ ಮಾಡುತ್ತಾಳೆ. ನಾಲ್ಕನೆಯ ಪ್ಲೇಟು ಶುರುವಾಗುವಾಗ ಅದೇ ರಾಣಿ ರಾಜನ ಪಕ್ಕ ಕೂತು ಹಾಡುತ್ತಿರುತ್ತಾಳೆ. ನಡುವೆ ಏನಾಯಿತು? ಯಾರು ರಾಜಿ ಮಾಡಿಸಿದರು? ಆ ತಾಯಿ ವರ್ಷಗಟ್ಟಲೆ ಇದನ್ನೇ ನೆನೆಸಿ ರೊಟ್ಟಿ ಬಡಿದಿದ್ದಳು.

ಹುಡುಗ ಮುಳ್ಳು ಇಟ್ಟ. ಸುರ್ ಎಂದು ಸದ್ದಾಯಿತು. ಆಮೇಲೆ ಒಬ್ಬ ಅಡುಗೆಯವನೂ ಒಬ್ಬ ಅಗಸನೂ ಒಂದು ಧೋತರಕ್ಕಾಗಿ ಜಗಳಕ್ಕೆ ನಿಂತರು.

“ರಾಣಿ ಎಲ್ಲ್ಯೋ?”

“ತಡಿ ಯವ್ವಾ, ಬರ್ತಾಳ.”

ಬರಲಿಲ್ಲ. ಮಗ್ಗುಲು ತಿರುವಿ ಹಾಕಿದ. ಅಲ್ಲಿಯೂ ಅದೇ ಧೋತರ, ಅದೇ ಜಗಳ. ಅದೊಂದು ಪೂರ್ತಿ ಹಾಸ್ಯ ನಾಟಕವೆಂದೇ ಇಷ್ಟು ವರ್ಷ ನಂಬಿದ್ದ ಅಪ್ಪ ತೊಡೆ ತಟ್ಟಿ ತಟ್ಟಿ ಒಬ್ಬನೇ ನಗುತ್ತಿದ್ದ. ನನಗೆ ಅದರ ಪ್ರತಿ ಮಾತೂ ಬಾಯಿಪಾಠ. ಅದರಲ್ಲಿ ಏನಿದೆಯೆಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಪ್ಲೇಟು ನಿಂತಿತು. ತಾಯಿಯ ಮುಖ ಬಾಡಿತು. ಮಗ ಎಮ್ಮೆ ಸತ್ತ ಮನೆಯಲ್ಲಿ ಕೂತವನಂತೆ ಕೂತಿದ್ದ. ನನಗೆ ತಡೆಯಲಾಗಲಿಲ್ಲ.

“ಅವ್ವಾರ, ಇವರಿಬ್ಬರ ಜಗಳ ನಡದಾಗ ರಾಣಿ ಅಲ್ಲೇ ಬಾಗಲ ಸಂದ್ಯಾಗ ನಿಂತು ಕೇಳಾಕತ್ತಾಳ್ರಿ. ಆ ಕಡೆ ಬಾಗಲದಾಗ ರಾಜ ನಿಂತಾನ. ಇಬ್ಬರಿಗೂ ಒಮ್ಮೆಲೆ ನಗಿ ಬಂದೈತಿ. ಕೂಡಿ ನಕ್ಕ ಮ್ಯಾಲೆ ಸಿಟ್ಟು ಎಲ್ಲಿ ಉಳೀತದ್ರಿ?”

ತಾಯಿ ನನ್ನನ್ನೇ ನೋಡಿದಳು. ಮೊದಲು ಅವಳ ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಬಂತು. ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಬೆಳ್ಳಗೆ ಮಾಡಿಕೊಂಡಳು. ಹುಡುಗ ಅಪ್ಪನ ಕಡೆ ಬಾಗಿ, “ಇವರು ಯಾರ್ರಿ?” ಎಂದು ಪಿಸುಗುಟ್ಟಿದ.

“ನನ್ನ ಮಗಳ್ರಿ. ನೀವು ತಂಗಿ ಅಂದ್ರೆಲ್ಲ, ಅಕಿನ.”

ಅವನ ಕಿವಿ ವಾಲ್ವಿಗಿಂತ ಕೆಂಪಾಯಿತು. ಆದರೂ ಈ ಸಲ ಕಣ್ಣೆತ್ತಿ ನೋಡಿದ. ನಾನೂ ನೋಡಿದೆ. ಬಂದ ಕೆಲಸ ಅದೇ ಆಗಿತ್ತಲ್ಲ.

“ಏನರ ಆಗ್ಲಿ, ಮನಿಗೆ ಇಕಿನ ಬೇಕು,” ಎಂದಳು ತಾಯಿ.

ಬಾಗೇವಾಡಿಯಲ್ಲಿ ಸೋದರತ್ತೆಯ ಮನೆಯ ಮುಂದೆ ಮದುವೆಯಾಯಿತು. ಇಂಡಿಯಲ್ಲಿ ಆಗ ಕರೆಂಟು ಯಾವಾಗ ಬೇಕೆಂದಾಗ ಹೋಗುತ್ತಿತ್ತು. ಹಾಡು ನಡುವಿಗೆ ಬಂದಾಗ ಕರೆಂಟು ಹೋದರೆ ಪ್ಲೇಟು ನಿಧಾನವಾಗಿ, ಹಾಡುವವಳ ದನಿ ಕೋಣದ ದನಿಯಾಗಿ, ನಿಂತುಬಿಡುತ್ತಿತ್ತು. ಆಗ ನನ್ನವರ ತಾಯಿ ರೊಟ್ಟಿ ಬಡಿಯುತ್ತ, ನಾನು ಕಾಯಿಪಲ್ಯ ಹೆಚ್ಚುತ್ತ, ಅವರು ಮುಳ್ಳು ಒರೆಸುತ್ತ, ಉಳಿದ ಹಾಡನ್ನು ಮೂವರೂ ನಮಗೆ ಬಂದ ಶ್ರುತಿಯಲ್ಲಿ ಹಾಡಿ ಮುಗಿಸುತ್ತಿದ್ದೆವು.