ಅಡುಗೆಮನೆಗೆ ಬಂದ ಚಪ್ಪಲಿ

ಮುಂಬಯಿಯ ದಾದರಿನಲ್ಲಿರುವ ನಮ್ಮ ಮನೆ ಎಷ್ಟು ಚಿಕ್ಕದೆಂದರೆ, ಬಾಗಿಲಲ್ಲಿ ನಿಂತು ಕೈ ಚಾಚಿದರೆ ಉಕ್ಕುವ ಹಾಲನ್ನು ಇಳಿಸಬಹುದು. ಆದರೂ ಚಪ್ಪಲಿ ಬಿಡುವ ಜಾಗ ಬೇರೆ, ಅಡುಗೆಮನೆ ಬೇರೆ. ಆ ಗಡಿ ಕಾಯುವವಳು ನನ್ನ ಹೆಂಡತಿ ವನಜ. ಅಡುಗೆಮನೆಯಲ್ಲಿ ಚಪ್ಪಲಿ ಕಂಡರೆ ಮೊದಲು ಕೂಗು, ಯಾರದು ಎಂಬ ವಿಚಾರಣೆ ಆಮೇಲೆ.

ನಮ್ಮ ಜೀವಕೋಶಗಳದ್ದೂ ಹೆಚ್ಚುಕಡಿಮೆ ಇದೇ ಮಡಿ. ಡಿಎನ್‌ಎ ಇರಬೇಕಾದದ್ದು ಮುಖ್ಯವಾಗಿ ಕೋಶಕೇಂದ್ರದೊಳಗೆ. ಅದರ ಹೊರಗಿನ ದ್ರವದಲ್ಲಿ ಡಿಎನ್‌ಎ ಸಿಕ್ಕಿತೋ, ವೈರಸ್ಸೇ ನುಗ್ಗಿರಬೇಕೆಂದು ಒಂದು ಪ್ರೋಟೀನು ಅದನ್ನು ಹಿಡಿದುಕೊಂಡು ಗುಲ್ಲೆಬ್ಬಿಸುತ್ತದೆ. ಅಕ್ಕಪಕ್ಕದ ಕೋಶಗಳೂ ಸೆರಗು ಸಿಕ್ಕಿಸಿ ನಿಲ್ಲುತ್ತವೆ. ತಮಾಷೆಯೆಂದರೆ ಈ ಪ್ರೋಟೀನಿಗೆ ಡಿಎನ್‌ಎಯ ಬರಹ ಓದಲು ಬಾರದು. ಯಾರದು ಎಂದು ಕೇಳುವುದಿಲ್ಲ, ಎಲ್ಲಿದೆ ಎಂದಷ್ಟೇ ನೋಡುತ್ತದೆ. ಕಾಲೇಜಿನಲ್ಲಿ ನಾನು ಈ ಪಾಠ ಮಾಡುವಾಗ ಹುಡುಗರು ನೆಮ್ಮದಿಯಾಗಿ ನಿದ್ದೆ ಹೊಡೆಯುತ್ತಿದ್ದರು.

ಕಳೆದ ವರ್ಷ ವನಜಳ ಕೀಲುಗಳು ಊದಿಕೊಂಡವು. ಪರೇಲಿನ ಡಾಕ್ಟರು ಲೂಪಸ್ ಎಂದರು; ದೇಹ ತನ್ನ ಮೇಲೆ ತಾನೇ ಯುದ್ಧ ಹೂಡುವ ಕಾಯಿಲೆ. ಲೋಕಲ್ ರೈಲಿನಲ್ಲಿ ವಾಪಸು ಬರುವಾಗ ಅವಳು ಮೆಲ್ಲಗೆ ಕೇಳಿದಳು, "ನನ್ನ ಮೈಗೇ ನಾನು ಬೇಡವಾದೆನಾ, ರೀ?"

ನಾನು ಅವಳತ್ತ ಬಾಗಿ ಹೇಳಿದೆ, "ಹಾಗಲ್ಲ ಕಣೇ. ನಿನ್ನದೇ ಡಿಎನ್‌ಎ ಎಲ್ಲೋ ಇರಬಾರದ ಕಡೆ ಸಿಕ್ಕಿದೆ. ಕಾವಲಿನ ಪ್ರೋಟೀನು ಯಾರ ಚಪ್ಪಲಿ ಅಂತ ನೋಡದೆ ನಿನ್ನ ಥರಾನೇ ಕೂಗಿಬಿಟ್ಟಿದೆ, ಅಷ್ಟೇ."

ಆ ಕಾಯಿಲೆಗೆ ಇದೊಂದೇ ಕಾರಣವಲ್ಲ. ಮೇಷ್ಟರಾದವನು ಇಷ್ಟು ಸಲೀಸಾಗಿ ಹೇಳಬಾರದಿತ್ತು. ಆದರೆ ಅವಳು ನಕ್ಕಳು.

ಡಾಕ್ಟರು ಆ ಕೂಗನ್ನು ತಗ್ಗಿಸುವ ಮಾತ್ರೆ ಕೊಟ್ಟರು. ಜೊತೆಗೆ, ತಣ್ಣನೆಯ ಟೈಲ್ಸ್ ಮೇಲೆ ಬರಿಗಾಲು ಬೇಡ, ಅಡುಗೆಮನೆಯಲ್ಲೂ ಮೆತ್ತನೆಯ ಚಪ್ಪಲಿ ಹಾಕಿ ಎಂದರು. ಮಾತ್ರೆ ಸಲೀಸಾಗಿ ಗಂಟಲಲ್ಲಿಳಿಯಿತು, ಚಪ್ಪಲಿಯ ಮಾತು ಇಳಿಯಲಿಲ್ಲ. ನಾನು ತಂದ ಹೊಸ ಜೋಡು ಅಡುಗೆಮನೆಯ ಹೊರಗೇ ಕೂತಿತು. ಒಳಗೆ ಅವಳು ಬರಿಗಾಲಲ್ಲಿ ನರಳುತ್ತ ಚಪಾತಿ ಲಟ್ಟಿಸಿದಳು. ನೋಡಲಾಗುತ್ತಿರಲಿಲ್ಲ. ನನ್ನ ಭಯ ಇನ್ನೊಂದಿತ್ತು: ಮಾತ್ರೆ ಆ ಕೂಗನ್ನು ಪೂರ್ತಿ ಅಡಗಿಸಿಬಿಟ್ಟರೆ ನಿಜವಾದ ವೈರಸ್ಸನ್ನು ತಡೆಯುವವರು ಯಾರು?

ಒಂದು ಬೆಳಿಗ್ಗೆ ಕೊತ್ತಂಬರಿ ಸೊಪ್ಪು ತಂದು ಬಾಗಿಲು ತೆರೆದರೆ, ವನಜ ಚಪ್ಪಲಿ ಮೆಟ್ಟಿಕೊಂಡು ಒಲೆಯ ಮುಂದೆ ದೋಸೆ ಹುಯ್ಯುತ್ತಿದ್ದಾಳೆ! ಕದ್ದು ಸಿಕ್ಕಿಬಿದ್ದವಳಂತೆ ನನ್ನನ್ನು ನೋಡಿದಳು. ಸಂತೋಷಕ್ಕೆ ಮೈಮರೆತು ನಾನು ಹಾಗೇ ಒಳಗೆ ನುಗ್ಗಿದೆ.

"ಏನ್ರೀ ಇದು! ಮಾರ್ಕೆಟ್ಟಿನ ಕೆಸರೆಲ್ಲ ಮೆಟ್ಕೊಂಡು ಅಡುಗೆಮನೆಗೆ ಬರ್ತಾರಾ? ನಡೀರಿ ಆಚೆ!"

ಇಡೀ ಬಿಲ್ಡಿಂಗಿಗೆ ಕೇಳಿಸಿರಬೇಕು. ಬೈಸಿಕೊಂಡು ಇಷ್ಟು ಖುಷಿಯಾದದ್ದು ನನಗೆ ನೆನಪಿಲ್ಲ. ಕೂಗು ಹಾಗೇ ಇತ್ತು. ಯಾರ ಚಪ್ಪಲಿ ಎಂದು ನೋಡುವುದನ್ನು ಮಾತ್ರ ಹೊಸದಾಗಿ ಕಲಿತಿದ್ದಳು.