ಚೆಂಡು ನೋಡದ ರೆಫರಿ

ನಮ್ಮ ಭಾವ ಅದೆಷ್ಟು ವಾಲಿಬಾಲ್ ಫೈನಲ್‌ಗಳನ್ನು ಅಂಗಳದ ಅಂಚಿನಲ್ಲೇ ನಿಂತು ಕಂಡಿದ್ದಾರೋ ಲೆಕ್ಕವಿಲ್ಲ. ಆದರೆ ಯಾವ ಪಂದ್ಯದಲ್ಲಿ ಯಾರು ಚೆನ್ನಾಗಿ ಹೊಡೆದರು ಎಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಅವರು ಎರಡನೇ ರೆಫರಿ. ಮೊದಲನೇ ರೆಫರಿ ನೆಟ್ಟಿನ ಒಂದು ತುದಿಯಲ್ಲಿ ಎತ್ತರದ ಸ್ಟ್ಯಾಂಡ್ ಏರಿ ಚೆಂಡು ನೋಡುತ್ತಾರೆ. ಇವರು ಎದುರು ತುದಿಯ ಕಂಬದ ಪಕ್ಕ ನೆಲದ ಮೇಲೆ ನಿಂತು, ಯಾರ ಬೆರಳು ನೆಟ್ಟಿಗೆ ತಗುಲಿತು, ಯಾರ ಪಾದ ನಡುಗೆರೆ ದಾಟಿತು ಎಂದು ನೋಡುತ್ತಾರೆ. ಹಾಗಾಗಿ ಆಟಗಾರರ ಮುಖಕ್ಕಿಂತ ಬೂಟುಗಳೇ ಅವರಿಗೆ ಹೆಚ್ಚು ಪರಿಚಯ. ಒಮ್ಮೆ ಬಸ್ಸಿನಲ್ಲಿ ಹೆಸರುವಾಸಿ ಆಟಗಾರನೊಬ್ಬ ಮಾತಾಡಿಸಿದಾಗ ಭಾವ ಮೊದಲು ಬಗ್ಗಿ ಅವನ ಕಾಲು ನೋಡಿದರು. ಅವನು ಗಾಬರಿಯಾಗಿ ಲೇಸು ಬಿಚ್ಚಿದೆಯೇನೋ ಎಂದು ತಾನೂ ಬಗ್ಗಿದ.

ಅವರದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಒಳಗೆ ಕಾಲಿಟ್ಟರೆ ಮರದ ಹೊಟ್ಟು, ಅಂಟಿನ ವಾಸನೆ, ಗೋಡೆಗೆ ಒರಗಿದ ಗಾಜುಗಳು. ಅಲ್ಲೂ ಅದೇ ಕಥೆ. ಮದುವೆ ಫೋಟೊ ಬರಲಿ, ಪದವಿ ಫೋಟೊ ಬರಲಿ, ಅವರು ನೋಡುವುದು ಅಂಚುಗಳನ್ನು, ನಾಲ್ಕು ಮೂಲೆಗಳನ್ನು. ಭಾವ ಹಾಕಿದ ಕಟ್ಟಿನ ಮೂಲೆಯಲ್ಲಿ ಕೂದಲೆಳೆಯೂ ತೂರುವುದಿಲ್ಲ. ಆದರೆ ನನ್ನ ಮದುವೆ ಫೋಟೊಗೆ ಕಟ್ಟು ಹಾಕಿಕೊಟ್ಟ ಮಹಾನುಭಾವರು, ಅದರಲ್ಲಿ ನಾನು ಕಣ್ಣು ಮುಚ್ಚಿಕೊಂಡಿರುವುದನ್ನು ಮಾತ್ರ ಗಮನಿಸಲೇ ಇಲ್ಲ.

ಮನೆಯಲ್ಲಿ ಮೊದಲನೇ ರೆಫರಿ ನಮ್ಮಕ್ಕ. ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ಅವಳು ಹೇಳಿದ ಮೇಲೆ ಎರಡು ಮಾತಿಲ್ಲ. ಮಗಳು ಸಿನಿಮಾಗೆ ಹೋಗಲಾ ಎಂದು ಕೇಳಿದರೆ ಅಕ್ಕ ಅಡುಗೆಮನೆಯಿಂದಲೇ ಬೇಡ ಎನ್ನುತ್ತಾಳೆ. ಬಾಗಿಲಲ್ಲಿ ನಿಂತ ಭಾವ ಮಾತಿಲ್ಲದೆ ಕೈಯಾಡಿಸಿ ಅದನ್ನೇ ತೋರಿಸುತ್ತಾರೆ. ಎರಡನೇ ರೆಫರಿಯ ಕೆಲಸವೇ ಅದು, ಮೇಲಿನವರು ತೋರಿಸಿದ ಸನ್ನೆಯನ್ನು ಕೆಳಗಿನಿಂದ ಮತ್ತೊಮ್ಮೆ ತೋರಿಸುವುದು. ಇಷ್ಟು ವರ್ಷ ಮಾಡಿ ಮಾಡಿ ಅದು ಮೈಗೆ ಹತ್ತಿಬಿಟ್ಟಿತ್ತು.

ಅವರಿಗೆ ಆಸೆ ಇರಲಿಲ್ಲ ಎಂದಲ್ಲ. ಒಂದು ಸಲ, ಒಂದೇ ಒಂದು ಸಲ ಆ ಸ್ಟ್ಯಾಂಡ್ ಹತ್ತಬೇಕು, ಕೊನೆಯ ಮಾತು ತನ್ನದಾಗಬೇಕು ಎಂಬ ಆಸೆ ಎದೆಯಲ್ಲಿ ಗೂಡು ಕಟ್ಟಿಕೊಂಡಿತ್ತು. ಬಾಯಿಬಿಟ್ಟು ಹೇಳಿದವರಲ್ಲ. ಅಂಗಳ ಖಾಲಿಯಾದ ಮೇಲೆ ಸ್ಟ್ಯಾಂಡಿನ ಮೆಟ್ಟಿಲಿಗೆ ಕೈಯಿಟ್ಟು ಅಲುಗಾಡುತ್ತದೇನೋ ಎಂದು ಪರೀಕ್ಷಿಸುವ ನೆಪ ಮಾಡುತ್ತಿದ್ದರು. ಆದರೆ ಅಲ್ಲಿ ಪಿ.ಟಿ. ಮೇಷ್ಟ್ರು ಇದ್ದರು. ಭಾವನಿಗೆ ಸೀಟಿ ಊದಲು ಕಲಿಸಿದವರೇ ಅವರು. ಫೈನಲ್ ಎಂದರೆ ಮೇಲೆ ಮೇಷ್ಟ್ರು, ಕೆಳಗೆ ಭಾವ. ಅದು ಬದಲಾಗುತ್ತದೆಂದು ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ.

ಬದಲಾಯಿಸಿದ್ದು ಡಾಕ್ಟರು. ಮೇಷ್ಟ್ರಿಗೆ ತಲೆಸುತ್ತು ಶುರುವಾಗಿ, ಎತ್ತರಕ್ಕೆ ಹತ್ತಲೇಬಾರದು ಎಂದುಬಿಟ್ಟರು. ಹಾಗಂತ ಮೇಷ್ಟ್ರು ಮನೆಯಲ್ಲಿ ಕೂರುವ ಜಾತಿಯಲ್ಲ. ಈ ವರ್ಷದ ಫೈನಲ್‌ಗೆ ತಾನು ಕೆಳಗೆ ನಿಲ್ಲುತ್ತೇನೆ, ಇವನು ಮೇಲೆ ಹತ್ತಲಿ ಎಂದು ಹೇಳಿ ಕಳಿಸಿದರು. ಅಕ್ಕ ಆಸ್ಪತ್ರೆಯ ವಾರ್ಡಿಗೆಲ್ಲ ಡಂಗುರ ಸಾರಿದಳು. ಭಾವ ಬಿಳಿ ಷರ್ಟನ್ನು ಇಸ್ತ್ರಿ ಮಾಡಿದ್ದೇ ಮಾಡಿದ್ದು.

ಫೈನಲ್ ಕೆಂಪು ತಂಡಕ್ಕೂ ನೀಲಿ ತಂಡಕ್ಕೂ. ನಾನೂ ಅಕ್ಕನೂ ಸ್ಟ್ಯಾಂಡಿನ ಪಕ್ಕದಲ್ಲೇ ಮೊದಲ ಸಾಲಿನಲ್ಲಿ ಕೂತೆವು. ಭಾವ ಮೇಲೆ ಹತ್ತಿದಾಗ ಅಕ್ಕ ಹೆಮ್ಮೆಯಿಂದ ಸುತ್ತ ನೋಡಿದಳು. ಮೊದಲ ಪಾಯಿಂಟ್ ಮುಗಿಯಿತು. ಭಾವ ಸೀಟಿ ಊದಿದರು. ಊದಿ, ಎದುರಿಗೆ ಕೆಳಗಿದ್ದ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಹಳೆಯ ರೂಢಿಯಂತೆ ಠೀವಿಯಿಂದ ಕೆಂಪು ತಂಡದ ಕಡೆ ಕೈ ಚಾಚಿದರು. ಭಾವ ಮೇಲಿನಿಂದ ವಿಧೇಯರಾಗಿ ಅದನ್ನೇ ತೋರಿಸಿದರು.

ಎರಡನೇ ಪಾಯಿಂಟೂ ಹಾಗೆಯೇ, ಮೂರನೆಯದೂ ಹಾಗೆಯೇ. ಪಾಪ, ಇಬ್ಬರಿಗೂ ಅದು ಗೊತ್ತೇ ಆಗುತ್ತಿಲ್ಲ. ಒಬ್ಬರು ನೆಲದ ಮೇಲೆ ನಿಂತು ತೀರ್ಪು ಕೊಡುತ್ತಿದ್ದಾರೆ, ಇನ್ನೊಬ್ಬರು ಸ್ಟ್ಯಾಂಡ್ ಮೇಲೆ ನಿಂತು ಹೂಂಗುಟ್ಟುತ್ತಿದ್ದಾರೆ. ತೀರ್ಪುಗಳು ಸರಿಯಾಗಿಯೇ ಇದ್ದುದರಿಂದ ಜನರೂ ತಲೆ ಕೆಡಿಸಿಕೊಳ್ಳಲಿಲ್ಲ. ನನಗೆ ನಗು ತಡೆಯಲಾಗದೆ ಕರವಸ್ತ್ರ ಬಾಯಿಗೊತ್ತಿಕೊಂಡೆ. ಅಕ್ಕ ನಗಲಿಲ್ಲ.

"ಅಷ್ಟು ಮೇಲೆ ಹತ್ತಿದ್ರೂ ಇವರು ಕೆಳಗೇ ಇದಾರಲ್ಲೋ," ಎಂದಳು. ಅವಳ ದನಿ ಕೇಳಿ ನನ್ನ ನಗು ಇಂಗಿಹೋಯಿತು.

ಎರಡೂ ತಂಡಗಳು ಎರಡೆರಡು ಸೆಟ್ ಗೆದ್ದು, ಐದನೆಯದು ಹದಿನಾಲ್ಕು ಹದಿಮೂರಕ್ಕೆ ಬಂತು. ಕೆಂಪು ತಂಡಕ್ಕೆ ಇನ್ನೊಂದು ಪಾಯಿಂಟ್ ಸಿಕ್ಕರೆ ಕಪ್ ಅವರದೇ. ನೀಲಿಯ ಹುಡುಗ ಹಾರಿ ಬಲವಾಗಿ ಹೊಡೆದ, ಕೆಂಪಿನ ನಾಯಕ ಅಡ್ಡಗಟ್ಟಲು ಹಾರಿದ, ಚೆಂಡು ಯಾರ ಕೈಗೂ ತಾಗದೆ ಗೆರೆಯಿಂದ ಗಜದೂರ ಹೊರಗೆ ಬಿತ್ತು. ಕೆಂಪಿನವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಮೇಷ್ಟ್ರು ಕೆಂಪಿನ ಕಡೆ ಕೈ ಚಾಚಿದರು. ಭಾವ ಸೀಟಿ ಊದಿದ್ದು ಚೆಂಡು ನೆಲಕ್ಕೆ ಬೀಳುವ ಮುಂಚೆ ಎಂಬುದು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಭಾವನ ಕೈಯೂ ರೂಢಿಯಂತೆ ಕೆಂಪಿನ ಕಡೆ ಎದ್ದಿತು. ಅರ್ಧಕ್ಕೆ ನಿಂತಿತು. ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. ಆ ಕೈ ನಿಧಾನವಾಗಿ ಹಿಂದಕ್ಕೆ ಬಂತು. ಭಾವ ನೀಲಿಯ ಕಡೆ ಕೈ ಚಾಚಿ, ಆಮೇಲೆ ಕೆಂಪಿನ ಕಡೆಯಿಂದ ನೆಟ್ಟಿನ ಮೇಲಂಚನ್ನು ಮುಟ್ಟಿ ತೋರಿಸಿದರು. ಕೆಂಪು ನಾಯಕನ ಬೆರಳು ನೆಟ್ಟಿಗೆ ತಗುಲಿದೆ, ಪಾಯಿಂಟ್ ನೀಲಿಗೆ ಎಂದು ಅದರರ್ಥ.

ಜನ ರೊಚ್ಚಿಗೆದ್ದರು. ಮೇಷ್ಟ್ರು ದಾಪುಗಾಲು ಹಾಕುತ್ತಾ ಸ್ಟ್ಯಾಂಡಿನ ಬುಡಕ್ಕೇ ಬಂದರು. ಮುಖ ಕೆಂಪಗಾಗಿತ್ತು. ಅವರು ಅಲ್ಲಿ ತಲೆಯಲ್ಲಾಡಿಸಿದ್ದರೆ ಸಾಕಿತ್ತು, ಇಡೀ ಅಂಗಳ ಭಾವನನ್ನು ಹರಿದು ತಿನ್ನುತ್ತಿತ್ತು.

"ಚೆಂಡು ಹೊರಗೆ ಬಿತ್ತಲ್ಲೋ. ನಾನೇ ಕಣ್ಣಾರೆ ನೋಡಿದೆ," ಎಂದರು ಮೇಷ್ಟ್ರು.

"ಚೆಂಡು ಎಲ್ಲಿ ಬಿತ್ತೋ ನಂಗೆ ಗೊತ್ತಿಲ್ಲ ಸಾರ್," ಎಂದರು ಭಾವ. "ಅದಕ್ಕೆ ಮುಂಚೆನೇ ಬೆರಳು ತಗುಲ್ತು. ಅದನ್ನ ನಾನು ನೋಡಿದೆ."

ಮೇಷ್ಟ್ರು ತಲೆಯೆತ್ತಿ ನೆಟ್ಟಿನ ಮೇಲಂಚನ್ನು ನೋಡಿದರು. ನೆಟ್ಟನ್ನು ನೋಡಬೇಕಾಗಿದ್ದ ಜಾಗದಲ್ಲಿ ನಿಂತು ತಾವು ಚೆಂಡು ನೋಡುತ್ತಿದ್ದೆವೆಂದು ಅವರಿಗೆ ಆಗ ಹೊಳೆದಿರಬೇಕು. ತಿರುಗಿ ತಮ್ಮ ಕಂಬದ ಬಳಿಗೆ ನಡೆದು ಹೋದರು. ಎದೆ ಸೆಟೆದು ನಿಂತು ನೀಲಿಯ ಕಡೆ ಕೈ ಚಾಚಿದರು, ಆಮೇಲೆ ನೆಟ್ಟು ಮುಟ್ಟಿ ತೋರಿಸಿದರು. ಭಾವ ತೋರಿಸಿದ ಸನ್ನೆಯನ್ನೇ, ಹಾಗೆಯೇ. ಮೇಲೆ ಭಾವನ ಕೈ ಇನ್ನೂ ನೆಟ್ಟಿನ ಮೇಲೇ ಇತ್ತು. ಗಲಾಟೆ ತಾನಾಗಿ ತಣ್ಣಗಾಯಿತು. ಅಕ್ಕ ಅಳುತ್ತಿದ್ದಳು, ಕಣ್ಣಿಗೆ ಧೂಳು ಬಿತ್ತು ಎಂದಳು. ಆ ಮೇಲೆ ಒಂದೇ ಒಂದು ಸನ್ನೆಗೂ ಭಾವ ಕೆಳಗೆ ನೋಡಲಿಲ್ಲ.

ಕೊನೆಗೆ ಕೆಂಪಿನವರೇ ಗೆದ್ದರು ಅನ್ನಿ. ಮನೆಗೆ ಹೋಗುವಾಗ ಕೊನೆಯ ಹೊಡೆತ ಹೇಗಿತ್ತು ಭಾವ ಎಂದು ಕೆಣಕಿದೆ. ಯಾರು ಹೊಡೆದರು ಎಂದು ಅವರೇ ನನ್ನನ್ನು ಕೇಳಿದರು.

ಯಾರೋ ಆ ಗಳಿಗೆಯ ಫೋಟೊ ತೆಗೆದಿದ್ದರು. ಮೇಲೊಬ್ಬರು, ಕೆಳಗೊಬ್ಬರು, ಇಬ್ಬರ ಕೈಯೂ ನೆಟ್ಟಿನ ಮೇಲೆ. ಭಾವ ಅದಕ್ಕೆ ತಮ್ಮ ಕೈಯಾರೆ ಕಟ್ಟು ಹಾಕಿದರು. ಒಂದು ಮಧ್ಯಾಹ್ನವೆಲ್ಲ ಆ ಒಂದು ಫೋಟೊವನ್ನೇ ಮುಂದಿಟ್ಟುಕೊಂಡು ನೋಡುತ್ತಾ ಕೂತಿದ್ದರಂತೆ. ಈಗ ಅದು ಅಕ್ಕನ ಮನೆಯ ಪಡಸಾಲೆಯಲ್ಲಿ, ಬಾಗಿಲು ತೆಗೆದರೆ ಎದುರಿಗೇ ಇದೆ. ಹತ್ತಿರ ಹೋಗಿ ನೋಡಿದೆ. ಎಡಗಡೆ ಮೇಲಿನ ಮೂಲೆ ಸರಿಯಾಗಿ ಕೂತಿಲ್ಲ, ಉಗುರು ತೂರುವಷ್ಟು ಸಂದು ಬಿಟ್ಟಿದೆ.