ಜಿಗಣೆಗೊಂದು ಯಂತ್ರ

ಪಾಲಿಬೆಟ್ಟದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿರುವ ಪೂವಯ್ಯನವರ ಕಣ್ಣಿಗೆ ಲೋಕದಲ್ಲಿ ತೊಂದರೆ ಎಂಬುದೇ ಇಲ್ಲ, ಇರುವುದೆಲ್ಲ ಇನ್ನೂ ಹುಟ್ಟದ ಯಂತ್ರಗಳು. ಕಾಲಿಗೆ ಜಿಗಣೆ ಹತ್ತಿದರೆ ನಾವು ಸುಣ್ಣ ಹುಡುಕುತ್ತೇವೆ, ಅವರು ಅದು ಹೊಟ್ಟೆ ತುಂಬಿ ಉದುರುವ ತನಕ ನೋಡುತ್ತ ನಿಂತು, “ಐಡಿಯಾ ಬಂತು!” ಎನ್ನುತ್ತಾರೆ. ಮಳೆ ಬಂದರೆ ಕಾಫಿ ಕಣದ ಮೇಲೆ ತಾನೇ ಬಿಚ್ಚಿಕೊಳ್ಳುವ ಕೊಡೆ ಮಾಡಿದರು. ಅದು ಬಿಸಿಲಿಗೆ ಬಿಚ್ಚಿಕೊಂಡು ಮಳೆಗೆ ಮಡಚಿಕೊಂಡಿತು. “ಇಷ್ಟು ಚಿಕ್ಕ ಕೊಡಗಿಗೆ ಒಬ್ಬ ಶೋಧಕ ಸಾಕು, ನಾನಿದ್ದೇನಲ್ಲ” ಎನ್ನುವುದನ್ನು ಮಾತ್ರ ಅವರು ಬಿಡಲಿಲ್ಲ. “ಮೊದಲು ಆ ಬಾಗಿಲ ಚಿಲಕ ಸರಿ ಮಾಡಿ ಮಾರಾಯ್ರೆ” ಎಂದು ಹೆಂಡತಿ ದಮಯಂತಿ ಒಳಗಿನಿಂದ ಕೂಗುತ್ತಾರೆ. ಕೆಸರಿನಲ್ಲಿ ಜಾರಿ ಬಿದ್ದು ಬಲಗೈ ಸೋತ ಮೇಲೆ ಆಕೆಗೆ ಅಕ್ಕಿಯ ನೂಪುಟ್ಟು, ಅಂದರೆ ಒತ್ತು ಶಾವಿಗೆ, ಒತ್ತಲು ಆಗುತ್ತಿರಲಿಲ್ಲ. ನೆಂಟರು ಬಂದರೆಂದರೆ ಮುಖ ಬಾಡುತ್ತಿತ್ತು. ಮೊನ್ನೆ ಅವರ ಮನೆಗೆ ಹೋದಾಗ ನೋಡುತ್ತೇನೆ, ನೂಪುಟ್ಟಿನ ಒರಳಿಗೆ ಪೂವಯ್ಯನವರು ಕಾಫಿ ಗಿಡದ ಉದ್ದ ಕೋಲೊಂದನ್ನು ಬಿಗಿದಿದ್ದಾರೆ. ದಮಯಂತಿ ಎಡಗೈಯಲ್ಲಿ ಅದನ್ನು ಮೆಲ್ಲಗೆ ಅದುಮಿದರೆ ಸಾಕು, ಮಲ್ಲಿಗೆಯಂಥ ಎಳೆ ಇಳಿಯುತ್ತದೆ. “ಯಂತ್ರ ಅಂದ್ರೆ ಇದು!” ಎಂದೆ. ಪೂವಯ್ಯನವರಿಗೆ ಅವಮಾನವೇ ಆಯಿತು. “ಅದೆಂತ ಯಂತ್ರ? ಅವಳ ಕೈ ನೋಯ್ತದಲ್ಲ, ಅದಕ್ಕೆ ಒಂದು ಕೋಲು ಕಟ್ಟಿದೆ, ಅಷ್ಟೆ. ನೀವು ಬನ್ನಿ, ಜಿಗಣೆಯದ್ದು ತೋರಿಸ್ತೇನೆ.”